ನಾನು ಚೆನ್ನಾಗೇ ಇದೀನಿ, ಕಾಫಿ ಕುಡೀರಿ

ಸಹಾಯ ಬೇಕು ಎಂದು ತಾವೇ ಅರ್ಜಿ ಹಾಕಿ, ಸಹಾಯ ಕೊಡುವವರು ಬಾಗಿಲಿಗೆ ಬಂದಾಗ "ನಮಗೇನೂ ಬೇಡ, ಬನ್ನಿ ಕೂತ್ಕೊಳ್ಳಿ" ಎನ್ನುವ ಜನ ಲೋಕದಲ್ಲಿ ಎಲ್ಲೆಲ್ಲಿದ್ದಾರೋ ನನಗೆ ಗೊತ್ತಿಲ್ಲ. ದಕ್ಷಿಣ ಆಕ್ಲೆಂಡಿನಲ್ಲಂತೂ ನನಗೆ ಆಗಾಗ ಸಿಗುತ್ತಲೇ ಇರುತ್ತಾರೆ. ಸಾಮಾನ್ಯವಾಗಿ ಅವರು ನಮ್ಮವರೇ ಆಗಿರುತ್ತಾರೆ.

ನನ್ನ ಕೆಲಸವೇ ಅದು. ವಯಸ್ಸಾದವರ ಮನೆಗೆ ಹೋಗಿ, ಸ್ನಾನ, ಬಟ್ಟೆ, ಅಡುಗೆ, ಓಡಾಟ ಇದರಲ್ಲಿ ಯಾವುದು ಅವರ ಕೈಲಾಗುತ್ತದೆ, ಯಾವುದು ಆಗುವುದಿಲ್ಲ ಎಂದು ಕೇಳಿ ತಿಳಿದುಕೊಂಡು, ಸಹಾಯಕ್ಕೆ ಜನ ಕಳಿಸಬೇಕೋ ಬೇಡವೋ ಎಂದು ಬರೆಯುವುದು. ಇದಕ್ಕೆ ಅಸೆಸ್‌ಮೆಂಟ್ ಎನ್ನುತ್ತಾರೆ. ಡಾಕ್ಟರ ಹತ್ತಿರ ಜನ ಇರುವ ನೋವಿನ ಜೊತೆಗೆ ಇಲ್ಲದ್ದನ್ನೂ ಸೇರಿಸಿ ಹೇಳುತ್ತಾರೆ. ನನ್ನ ಹತ್ತಿರ ಇರುವುದನ್ನೂ ಮುಚ್ಚಿಡುತ್ತಾರೆ. ಕಾರಣ ಇಷ್ಟೇ. ಡಾಕ್ಟರ ಹತ್ತಿರಕ್ಕೆ ಅವರು ಹೋಗುತ್ತಾರೆ, ನಾನಾದರೋ ಅವರ ಮನೆಗೆ ಬರುತ್ತೇನೆ. ಮನೆಗೆ ಬಂದವರ ಮುಂದೆ ನಮ್ಮವರು ಕಾಯಿಲೆ ಬೀಳುವುದಿಲ್ಲ.

ಈ ಕಥೆಗಳನ್ನೆಲ್ಲ ಸಂಜೆ ಮನೆಗೆ ಬಂದು ಅತ್ತೆಗೆ ಹೇಳುತ್ತೇನೆ. ಯಾರ ಹೆಸರನ್ನೂ ಹೇಳುವ ಹಾಗಿಲ್ಲ, ಅದು ಕಚೇರಿಯ ನಿಯಮ. ನಾನು ನಿಯಮ ಮುರಿಯುವುದಿಲ್ಲ. ಅತ್ತೆಗೆ ಹೆಸರು ಬೇಕಾಗಿಯೂ ಇಲ್ಲ. "ರೈಲ್ವೆ ಸ್ಟೇಷನ್ ಹಿಂದಿನ ಮನೆ ತಾನೆ? ಅವಳೇ. ಮೊದಲಿಂದ್ಲೂ ಹಾಗೇ ಅವಳು" ಎಂದು ಬಿಡುತ್ತಾರೆ. ನಮ್ಮ ಬಡಾವಣೆ ಪಾಪಟೋಟೊಯಿಯಲ್ಲಿ ಅತ್ತೆ ಬಹಳ ವರ್ಷಗಳಿಂದ ಇದ್ದಾರೆ, ದೇವಸ್ಥಾನ, ತರಕಾರಿ ಅಂಗಡಿ, ಬಸ್ ಸ್ಟಾಪು ಎಲ್ಲ ಕಡೆ ಪರಿಚಯ.

ಆದರೆ ನಮ್ಮ ಮನೆಯ ತೊಂದರೆ ಅತ್ತೆಯೇ. ಅವರ ಮಂಡಿ ಮತ್ತು ಭುಜ ಎರಡೂ ಕೈಕೊಟ್ಟಿವೆ. ಕೈ ತಲೆಯವರೆಗೆ ಏಳುವುದಿಲ್ಲ, ಕಾಲು ಸ್ನಾನದ ತೊಟ್ಟಿಯ ಅಂಚು ಸುಲಭವಾಗಿ ದಾಟುವುದಿಲ್ಲ. ಒಂದು ಸಲ ಜಾರಿ, ನಲ್ಲಿ ಹಿಡಿದುಕೊಂಡು ಉಳಿದರು. ಆಸ್ಪತ್ರೆಯಿಂದ ಒಂದು ವಾಕರ್, ಸ್ನಾನಕ್ಕೆ ಕೂರುವ ಒಂದು ಕುರ್ಚಿ ಬಂತು. ಆ ಕುರ್ಚಿಯ ಮೇಲೆ ಈಗ ಕೊತ್ತಂಬರಿ ಕುಂಡವಿದೆ. ಸೊಸೆಯ ಕೈಲಿ ಸ್ನಾನ ಮಾಡಿಸಿಕೊಳ್ಳಲು ಅತ್ತೆಗೆ ಸಂಕೋಚ, ಒಬ್ಬರನ್ನೇ ಬಿಡಲು ನನಗೆ ಭಯ. ನನ್ನ ಗಂಡ ಏರ್‌ಪೋರ್ಟಿನ ಕೆಲಸಕ್ಕೆ ಬೆಳಕು ಹರಿಯುವ ಮೊದಲೇ ಹೊರಟಿರುತ್ತಾರೆ. ಆದ್ದರಿಂದ ದಿನಾ ಬೆಳಿಗ್ಗೆ ನಾನು ಬಚ್ಚಲಮನೆಯ ಬಾಗಿಲಾಚೆ ನಿಂತು "ಅತ್ತೆ, ಇದೀರಾ?" ಎಂದು ಕೇಳುತ್ತಿರುತ್ತೇನೆ. "ಇಲ್ದೆ ಎಲ್ಲಿಗೆ ಹೋಗ್ಲಿ, ಕಿಟಕಿ ಸಣ್ಣದು" ಎಂದು ಒಳಗಿಂದ ಉತ್ತರ ಬರುತ್ತದೆ. ಇದೆಲ್ಲ ಮುಗಿದು ನಾನು ಮನುಕಾವ್‌ನ ಕಚೇರಿಗೆ ಹೋಗುವಾಗ ದಿನವೂ ತಡ. ಮೇಲಿನವರು ಮೆಲ್ಲಗೆ ಒಂದು ಮಾತು ಹೇಳಿಯೂ ಆಗಿದೆ. ಬೆಳಗಿನ ಹೊತ್ತು ಯಾರಾದರೂ ಬಂದು ಅತ್ತೆಗೆ ಸ್ನಾನ ಮಾಡಿಸಿದರೆ ನನ್ನ ಕೆಲಸ ಉಳಿಯುತ್ತದೆ. ಇಲ್ಲವಾದರೆ ಬಿಡಬೇಕು. ಸ್ವಂತ ಅತ್ತೆಯನ್ನು ನಾನೇ ಅಸೆಸ್ ಮಾಡುವಂತಿಲ್ಲ, ಬೇರೆ ಕಚೇರಿಯಿಂದ ಯಾರೋ ಬರಬೇಕು. ನಾವು ಸರದಿ ಕಾಯುತ್ತಿದ್ದೆವು.

ಡಬ್ಬಿ

ಒಬ್ಬ ಆಂಟಿಗೆ ಅಡುಗೆಮನೆಯಲ್ಲಿ ನಿಲ್ಲಲು ಆಗುತ್ತಿರಲಿಲ್ಲ. ಕಾಲು ಊದಿಕೊಳ್ಳುತ್ತಿತ್ತು. ಮಗಳು ಅರ್ಜಿ ಹಾಕಿದ್ದಳು. ನಾನು ಹೋಗಿ ಬಾಗಿಲು ತಟ್ಟುವ ಮೊದಲೇ ಒಗ್ಗರಣೆಯ ವಾಸನೆ ಬೀದಿಯವರೆಗೂ ಬಂದಿತ್ತು.

ಒಳಗೆ ನೋಡಿದರೆ ಟೇಬಲ್ ತುಂಬ ಕೋಸಂಬರಿ, ಪಲ್ಯ, ಚಿತ್ರಾನ್ನ, ಹೋಳಿಗೆ. ಮಗಳು ಗೋಡೆಗೆ ಒರಗಿ ನಿಂತಿದ್ದಳು, ಮುಖದಲ್ಲಿ ಕಳೆ ಇರಲಿಲ್ಲ.

"ಯಾರು ಮಾಡಿದ್ದು ಆಂಟಿ?"

"ಇನ್ಯಾರು, ನಾನೇ. ಆಫೀಸಿನೋರು ಬರ್ತಾರೆ ಅಂದ್ರೆ ಬರೀ ಕಾಫಿ ಕೊಟ್ಟು ಕಳಿಸಕ್ಕಾಗತ್ತಾ?"

ಹೋದ ಕಡೆ ಊಟ ಮಾಡಬಾರದು ಎಂದು ನಮಗೆ ಹೇಳಿದ್ದಾರೆ. ಆದರೆ ಹಾಗೆ ಹೇಳಿದವರ ಮುಂದೆ ಯಾರೂ ಬಿಸಿ ಹೋಳಿಗೆಗೆ ತುಪ್ಪ ಹಾಕಿ ನಿಂತಿರಲಿಲ್ಲ. ಬಾಯಲ್ಲಿ ಹೋಳಿಗೆ ಇಟ್ಟುಕೊಂಡೇ ನಾನು ಕೇಳಬೇಕಾಯಿತು. "ಅಡುಗೆ ಮಾಡಕ್ಕೆ ಆಗತ್ತಾ ಆಂಟಿ?"

"ಎಲ್ಲಿ ಆಗತ್ತಮ್ಮ. ಒಲೆ ಮುಂದೆ ಒಂದು ಗಳಿಗೆ ನಿಲ್ಲಕ್ಕಾಗಲ್ಲ."

"ಮತ್ತೆ ಇದು?"

"ಇದನ್ನ ಅಡುಗೆ ಅಂತೀಯಾ? ಮೊದಲಾಗಿದ್ರೆ ಎರಡು ಪಾಯಸ ಮಾಡ್ತಿದ್ದೆ."

ಸುಳ್ಳಲ್ಲ. ಅವರು ಎರಡನೇ ಹೋಳಿಗೆ ಬಡಿಸಲು ಏಳಲಾರದೆ ಕುರ್ಚಿ ಹಿಡಿದುಕೊಂಡಿದ್ದನ್ನು ನಾನು ನೋಡಿದೆ. ಪಾದ ಚಪ್ಪಲಿಯೊಳಗೆ ಹೋಗದಷ್ಟು ಊದಿತ್ತು. ಸಹಾಯ ಬೇಕೆಂದು ಬರೆದೆ, ಸಿಕ್ಕಿತು. ಹೊರಡುವಾಗ ಒಂದು ಸ್ಟೀಲ್ ಡಬ್ಬಿಯಲ್ಲಿ ಹೋಳಿಗೆ ತುಂಬಿ ಕೈಗಿಟ್ಟರು. ಡಬ್ಬಿಯನ್ನು ಖಾಲಿ ಹಿಂತಿರುಗಿಸುವುದು ಹೇಗೆ? ಕೋಡುಬಳೆ ತುಂಬಿಸಿ ಕೊಟ್ಟೆ. ಅವರು ಅದನ್ನು ಖಾಲಿ ಕೊಡುತ್ತಾರೆಯೇ? ಸಹಾಯಕ್ಕೆ ಬರುವಾಕೆಯ ಕೈಲಿ ಚಟ್ನಿಪುಡಿ ಮಾಡಿಸಿ, ತುಂಬಿಸಿ ಕಳಿಸಿದರು. ಆ ಫೈಲು ಮುಚ್ಚಿ ಬಹಳ ದಿನವಾಯಿತು, ಡಬ್ಬಿ ಮಾತ್ರ ಇನ್ನೂ ಓಡಾಡುತ್ತಿದೆ.

"ಏನು ಜನಾನೋ" ಎಂದರು ಅತ್ತೆ ಚಟ್ನಿಪುಡಿಗೆ ಎಣ್ಣೆ ಕಲಸುತ್ತಾ. "ಆಗಲ್ಲ ಅಂದ್ರೆ ಆಗಲ್ಲ ಅನ್ನಕ್ಕೇನು?"

ಕೊಡೆ

ಧಾರವಾಡ ಕಡೆಯ ಒಬ್ಬ ನಿವೃತ್ತ ಗಣಿತದ ಮೇಷ್ಟರು. ಪಾಮರ್ಸ್ಟನ್ ನಾರ್ತ್ ಎಂಬ ಊರಿನಲ್ಲಿ ಓದಿ ಆಕ್ಲೆಂಡಿನಲ್ಲಿ ನೆಲೆಸಿದ ಮಗನ ಜೊತೆ ಇರಲು ಬಂದವರು. ಮಗ ಹಗಲು ಕೆಲಸಕ್ಕೆ ಹೋದರೆ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ. ಅವರ ಹೆಂಡತಿ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ ಪಿಸುಗುಟ್ಟಿದರು. "ಇವ್ರಿಗೆ ಈಗೀಗ ನೆನಪ ಉಳಿಯಂಗಿಲ್ರೀ. ಮೊನ್ನೆ ಗ್ಯಾಸ್ ಹಚ್ಚಿ ಪೇಪರ್ ಓದ್ಕೋತ ಕುಂತಿದ್ರು."

ನೆನಪಿನ ಪರೀಕ್ಷೆ ಮಾಡೋಣ ಎಂದೆ. ಪರೀಕ್ಷೆ ಎಂದ ಕೂಡಲೇ ಮೇಷ್ಟರು ಕನ್ನಡಕ ಒರೆಸಿ ನೆಟ್ಟಗೆ ಕೂತರು. ಮೂರು ಪದ ಹೇಳಿದೆ. ಬಾಳೆಹಣ್ಣು, ಕುರ್ಚಿ, ಕೊಡೆ. ಬೇರೆ ಮಾತಾಡಿ, ಸ್ವಲ್ಪ ಹೊತ್ತಾದ ಮೇಲೆ ಅವನ್ನೇ ಕೇಳುತ್ತೇನೆ ಎಂದೆ.

ಕೇಳುವ ಹೊತ್ತಿಗೆ ಅವರ ಹೆಂಡತಿ ನನ್ನ ಬೆನ್ನ ಹಿಂದೆ ನಿಂತಿದ್ದರು. "ಬಾಳೆಹಣ್ಣು" ಎಂದರು ಮೇಷ್ಟರು ಥಟ್ಟನೆ. ತಿರುಗಿ ನೋಡಿದರೆ ಹೆಂಡತಿಯ ಕೈಯಲ್ಲಿ ಬಾಳೆಹಣ್ಣು. ನನ್ನನ್ನು ಕಂಡು ಸಿಪ್ಪೆ ಸುಲಿಯತೊಡಗಿದರು. ಗಂಡನಿಗೆ ಮರೆವು ಎಂದು ದೂರು ಕೊಟ್ಟವರೂ ಅವರೇ, ಹೊರಗಿನವಳ ಮುಂದೆ ಅವರು ಫೇಲಾಗಬಾರದು ಎನ್ನುವವರೂ ಅವರೇ.

"ಅಮ್ಮಾ, ದಯವಿಟ್ಟು ಸ್ವಲ್ಪ ಹೊರಗಡೆ ಇರ್ತೀರಾ?" ಎಂದೆ.

ಹೋದರು. ಮೇಷ್ಟರು ತಮ್ಮ ಕುರ್ಚಿಯ ಕೈ ಮೇಲೆ ತಾಳ ಹಾಕುತ್ತಾ ಕೂತಿದ್ದವರು, ಅದನ್ನೇ ನೋಡಿ "ಕುರ್ಚಿ" ಎಂದರು. ಮೂರನೆಯದು ಬರಲಿಲ್ಲ. ಅವರ ಕಣ್ಣು ಹಿತ್ತಲಿನ ಗಾಜಿನ ಬಾಗಿಲ ಕಡೆ ಹೋಯಿತು. ನಾನೂ ನೋಡಿದೆ. ಹೊರಗೆ ಸುಡು ಬಿಸಿಲು. ಆ ಬಿಸಿಲಲ್ಲಿ ಅವರ ಹೆಂಡತಿ ದೊಡ್ಡ ಕಪ್ಪು ಕೊಡೆ ಬಿಚ್ಚಿಕೊಂಡು, ಬಟ್ಟೆ ಒಣಹಾಕುವ ತಂತಿಯ ಕೆಳಗೆ ಅತ್ತಿಂದಿತ್ತ ನಡೆಯುತ್ತಿದ್ದರು.

ಮೇಷ್ಟರು ಬಹಳ ಹೊತ್ತು ನೋಡಿದರು. ಆಮೇಲೆ ಕನ್ನಡಕ ತೆಗೆದು ಗಂಭೀರವಾಗಿ ಹೇಳಿದರು. "ಮೂರನೇದ್ದು ನೆನಪಿಲ್ರೀ ಮೇಡಂ. ಅದಿರ್ಲಿ, ಹೊರಗ ಮಳಿ ಬರಾಕತ್ತೈತಿ. ನಮ್ಮಾಕೀನ್ನ ಒಳಗ ಕರೀರಿ."

ಅಬ್ಬಾನ ಸ್ನಾನ

ದಾವಣಗೆರೆಯಿಂದ ಬಂದ ಒಂದು ಮುಸ್ಲಿಂ ಕುಟುಂಬ, ಮುಖ್ಯ ರಸ್ತೆಯಲ್ಲಿ ಬಟ್ಟೆ ಅಂಗಡಿ. ಮನೆಯ ಹಿರಿಯರು ಒಂದು ಕಡೆ ಸ್ವಾಧೀನ ತಪ್ಪಿ ಹಾಸಿಗೆ ಹಿಡಿದಿದ್ದರು. ಅರ್ಜಿ ಹಾಕಿದ್ದು ಸೊಸೆ. ನಾನು ಹೋದ ದಿನ ಅಂಗಡಿಗೆ ಬಾಗಿಲು ಹಾಕಿ ಗಂಡುಮಕ್ಕಳು, ಅಳಿಯ, ಹಿರಿಯರ ತಮ್ಮ, ಎಲ್ಲರೂ ಹಾಲ್‌ನಲ್ಲಿ ಸಾಲಾಗಿ ಕೂತಿದ್ದರು.

"ಅಬ್ಬಾಗೆ ಸ್ನಾನ ಯಾರು ಮಾಡಿಸ್ತೀರಿ?" ಎಂದೆ.

"ನಾನೇ ಮೇಡಂ, ದಿನಾ ಬೆಳಿಗ್ಗೆ" ಎಂದ ದೊಡ್ಡ ಮಗ.

"ಅಂಗಡಿ ತೆಗಿಯೋಕೆ ಮುಂಚೆ ನಾನೂ ಮಾಡಿಸ್ತೀನಿ" ಎಂದ ಎರಡನೆಯವ. ಅಳಿಯ ಮಧ್ಯಾಹ್ನ ಬಂದು ಮಾಡಿಸುತ್ತಾನಂತೆ. ತಮ್ಮನವರು ಸಂಜೆಯದು ತಮ್ಮದು ಎಂದರು. ಹೊರಗಿನವಳ ಎದುರಿಗೆ ತಂದೆಯನ್ನು ನೋಡಿಕೊಳ್ಳುವುದಿಲ್ಲ ಎಂದು ಹೇಳಿಸಿಕೊಳ್ಳಲು ಯಾರೂ ತಯಾರಿರಲಿಲ್ಲ. ಬಾಯಲ್ಲೇ ಒಬ್ಬರಿಗಿಂತ ಒಬ್ಬರು ಹೆಚ್ಚು ಸ್ನಾನ ಮಾಡಿಸಿದರು.

ಹಾಸಿಗೆಯಿಂದ ಹಿರಿಯರು ನನ್ನನ್ನು ಹತ್ತಿರ ಕರೆದರು. "ದಿನಾ ಇಷ್ಟೊಂದು ಸ್ನಾನ ಮಾಡ್ತೀನಾ ನಾನು? ಅದಕ್ಕೇ ನೋಡಮ್ಮ, ಶೀತ ಬಿಟ್ಟೇ ಇಲ್ಲ."

ನಿಜ ಹೇಳಲು ಸೊಸೆ ನನ್ನ ಹಿಂದೆಯೇ ಲೆಟರ್‌ಬಾಕ್ಸಿನವರೆಗೆ ಬಂದಳು. ನಮ್ಮವರ ಮನೆಗಳಲ್ಲಿ ನಿಜ ಸಿಗುವುದು ಹೆಚ್ಚಾಗಿ ಅಲ್ಲೇ, ನಾನು ಕಾರಿನ ಬಾಗಿಲು ತೆಗೆಯುವಾಗ. ಎಲ್ಲ ಅವಳೊಬ್ಬಳ ತಲೆಯ ಮೇಲಿತ್ತು. ಮನೆಗೆ ಬಂದು ಇದನ್ನು ಹೇಳಿದಾಗ ಅತ್ತೆ ಈ ಸಲ ನಗಲಿಲ್ಲ. "ಆ ಹುಡುಗಿಗೆ ಊಟ ಆಗಿತ್ತಂತಾ?" ಎಂದು ಕೇಳಿದರು.

ತಾಲೀಮು

ಕೊನೆಗೆ ನಮ್ಮ ಸರದಿ ಬಂತು. ಬರುವ ವಾರ ಬರುತ್ತೇವೆ ಎಂದು ಫೋನ್ ಬಂದ ದಿನವೇ ನಾನು ಅತ್ತೆಯನ್ನು ಕೂರಿಸಿಕೊಂಡೆ.

"ನೋಡಿ ಅತ್ತೆ, ಚೆನ್ನಾಗಿರೋ ದಿನದ ಕಥೆ ಹೇಳ್ಬೇಡಿ. ತೀರಾ ಆಗದೇ ಇರೋ ದಿನ ಹೆಂಗಿರತ್ತೆ, ಅದನ್ನ ಹೇಳಿ."

"ಸುಳ್ಳು ಹೇಳು ಅಂತೀಯಾ?"

"ಸುಳ್ಳಲ್ಲ. ಮೊನ್ನೆ ಜಾರಿದ್ದು ನಿಜ ತಾನೇ?"

"ಜಾರಿದ್ದೆಲ್ಲಿ? ನಲ್ಲಿ ಸಡಿಲ ಇದ್ಯಾ ಅಂತ ಹಿಡಿದು ನೋಡ್ದೆ."

ನಾನು ತಲೆ ಮೇಲೆ ಕೈ ಹೊತ್ತು ಕೂತೆ. ಆಮೇಲೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಈ ಸಹಾಯ ಸಿಗದಿದ್ದರೆ ನಾನು ಕೆಲಸ ಬಿಡಬೇಕಾಗುತ್ತದೆ. "ಆಯ್ತು ಕಣೇ. ಆ ಹೋಳಿಗೆ ಮಾಡಿದೋಳ ಥರ ನಾನು ಮಾಡಲ್ಲ. ಕೈಲಾಗಲ್ಲ ಅಂತ ಹೇಳಿಬಿಡ್ತೀನಿ" ಎಂದರು ಅತ್ತೆ. ನನಗೆ ಸಮಾಧಾನವಾಯಿತು. ಸಮಾಧಾನವಾಗಬಾರದಿತ್ತು.

ಯಾವೂರು

ಅಸೆಸ್‌ಮೆಂಟಿನ ದಿನ ಬೆಳಿಗ್ಗೆ ಸ್ನಾನ ಮುಗಿಸಿ ಹೊರಬಂದ ಅತ್ತೆ, ನನ್ನ ಕೈಲಿ ಟ್ರಂಕಿನಿಂದ ಮೈಸೂರು ರೇಷ್ಮೆ ಸೀರೆ ತೆಗೆಸಿದರು. ನಾನು ಉಪ್ಪಿಟ್ಟು ಕೆದಕಿ ಹಾಲ್‌ಗೆ ಬರುವಷ್ಟರಲ್ಲಿ ವಾಕರ್ ಕಾಣೆಯಾಗಿತ್ತು. ಮೂಲೆಯಲ್ಲಿ ಕಸೂತಿ ಬಟ್ಟೆ ಹೊದೆಸಿದ ಹೊಸ ಸ್ಟ್ಯಾಂಡೊಂದು ನಿಂತಿತ್ತು, ಮೇಲೆ ಹೂದಾನಿ. ಅದರ ಕೆಳಗೆ ಎರಡು ಚಕ್ರ ಇಣುಕುತ್ತಿದ್ದವು. ನಾನು ಬಟ್ಟೆ ಎಳೆಯಲು ಹೋದೆ, ಅಷ್ಟರಲ್ಲಿ ಬೆಲ್ಲಾಯಿತು.

ಬಂದಾಕೆ ನನಗಿಂತ ಹಿರಿಯ ವಯಸ್ಸಿನ, ನಿಧಾನ ಮಾತಿನ ಮಾವೋರಿ ಹೆಂಗಸು, ಈ ದೇಶದ ಮೂಲನಿವಾಸಿಗಳವರು. ಮನೆಯವರು ಅನುವಾದ ಮಾಡುವಂತಿಲ್ಲ, ಅದೂ ನಿಯಮ. ಆದ್ದರಿಂದ ಫೋನಿನಲ್ಲಿ ಒಬ್ಬ ಕನ್ನಡದ ಅನುವಾದಕಿ. ಯಾರು ಏನೇ ಹೇಳಿದರೂ, ಒಂದು ಪದ ಬಿಡದೆ, ಅವರೇ ಹೇಳಿದಂತೆ ಇನ್ನೊಬ್ಬರಿಗೆ ಹೇಳುವುದು ಆಕೆಯ ಕೆಲಸ. ಸ್ಪೀಕರ್ ಹಾಕಿ ಫೋನನ್ನು ಟೀಪಾಯಿ ಮೇಲೆ ಇಟ್ಟರು.

ಕನ್ನಡದ ದನಿ ಕೇಳಿದ್ದೇ ಅತ್ತೆ ಫೋನಿನ ಕಡೆ ಬಾಗಿದರು. "ನಿಮ್ಮದು ಯಾವೂರಮ್ಮ?"

ಅನುವಾದಕಿ ನಿಯಮದಂತೆ ಆ ಪ್ರಶ್ನೆಯನ್ನು ಇಂಗ್ಲಿಷಿಗೆ ತಿರುಗಿಸಿದಳು. ಬಂದಾಕೆ ಅದು ತನಗೇ ಎಂದುಕೊಂಡು "ಗಿಸ್ಬೋರ್ನ್" ಎಂದರು.

"ಅಲ್ಲಿ ಯಾರ ಮನೆಯೋರು?" ಎಂದರು ಅತ್ತೆ, ಕಣ್ಣು ಫೋನಿನ ಮೇಲೆಯೇ.

ಬೇರೆ ಯಾರಾದರೂ ಆಗಿದ್ದರೆ ಗಡಿಯಾರ ನೋಡುತ್ತಿದ್ದರು. ಈಕೆಯ ಮುಖ ಅರಳಿತು. ಅವರಲ್ಲೂ ಯಾರನ್ನಾದರೂ ಭೇಟಿಯಾದರೆ ಮೊದಲು ಕೇಳುವುದು ಇದನ್ನೇ. ಪೆನ್ನು ಪಕ್ಕಕ್ಕಿಟ್ಟು ತಮ್ಮ ಬೆಟ್ಟ, ತಮ್ಮ ನದಿ, ತಾತ, ಮುತ್ತಾತ ಎಲ್ಲರನ್ನೂ ಕ್ರಮವಾಗಿ ಹೇಳಿದರು. ಈಗ ಅತ್ತೆಗೆ ಯಾರು ಯಾರೊಡನೆ ಮಾತಾಡುತ್ತಿದ್ದಾರೆ ಎಂಬುದು ಹೊಳೆಯಿತು. ಆದರೆ ಬಿಟ್ಟುಕೊಡಲಿಲ್ಲ. ಚಾಮುಂಡಿ ಬೆಟ್ಟ, ಕಪಿಲಾ ನದಿ, ನಂಜನಗೂಡಿನ ತಾತ, ಅವರ ದಾಯಾದಿಗಳು, ಅವರ ಜಗಳ, ಎಲ್ಲ ಬಂತು. ಫೋನಿನಲ್ಲಿದ್ದಾಕೆ ಉಸಿರು ಬಿಡದೆ ಎರಡು ವಂಶಗಳನ್ನು ಅತ್ತಿಂದಿತ್ತ ಸಾಗಿಸಿದಳು. ಅಸೆಸ್‌ಮೆಂಟಿನ ಅರ್ಧ ಹೊತ್ತು ಇದರಲ್ಲೇ ಹೋಯಿತು.

ಬರ್ಕೊಳ್ಳಿ

ಆಮೇಲೆ ಅತ್ತೆಯೊಬ್ಬರ ಜೊತೆಯೇ ಮಾತಾಡಬೇಕು ಎಂದು ನನ್ನನ್ನು ಅಡುಗೆಮನೆಗೆ ಕಳಿಸಿದರು. ನಾನೂ ಎಲ್ಲರ ಮನೆಯಲ್ಲಿ ಹೀಗೇ ಮಾಡುತ್ತೇನೆ. ಅಡುಗೆಮನೆಗೆ ಹೋದವರು ಬಾಗಿಲಿಗೆ ಕಿವಿ ಕೊಟ್ಟು ನಿಲ್ಲುತ್ತಾರೆ ಎಂದೂ ಗೊತ್ತು. ನಾನೂ ನಿಂತೆ.

"ಸ್ನಾನ ನೀವೇ ಮಾಡ್ಕೋತೀರಾ?"

"ನಾನೇ. ಯಾರೂ ಬೇಡ."

"ನಡಿಯೋಕೆ ವಾಕರ್ ಇದೆಯಾ?"

"ಇಲ್ವಲ್ಲ. ಅದೆಲ್ಲ ಯಾಕೆ?"

ಹೂದಾನಿಯ ಹೂವು ನಗುತ್ತಿದ್ದಿರಬೇಕು. ನಾನು ಹಣೆ ಚಚ್ಚಿಕೊಂಡೆ. ಕೆಲಸ ಬಿಡುವ ಪತ್ರದ ಮೊದಲ ಸಾಲು ಮನಸ್ಸಿನಲ್ಲೇ ಸಿದ್ಧವಾಯಿತು.

"ಮನಸ್ಸಿಗೆ ಬೇಜಾರು, ಸುಸ್ತು ಏನಾದ್ರೂ?"

"ನಂಗೇನಿಲ್ಲ." ಆಮೇಲೆ ಅತ್ತೆ ತಾವಾಗಿಯೇ ಹೇಳಿದರು. "ನೀವು ಸಹಾಯ ಕೊಡೋದಾದ್ರೆ ನನ್ನ ಸೊಸೆಗೆ ಕೊಡಿ. ಅವಳಿಗೇ ಆಗ್ತಿಲ್ಲ. ಊರಲ್ಲಿರೋ ಮುದುಕೀರನ್ನೆಲ್ಲ ವಿಚಾರಿಸ್ಕೊಂಡು ಬಂದು ಈ ಮುದುಕೀನೂ ನೋಡ್ಬೇಕು. ನಿಂತ್ಕೊಂಡೇ ಊಟ ಮಾಡ್ತಾಳೆ. ಸಾಯಂಕಾಲ ಕಾರು ಬಂದು ಎಷ್ಟೋ ಹೊತ್ತಾದ್ರೂ ಇಳಿಯಲ್ಲ, ಸ್ಟಿಯರಿಂಗ್ ಹಿಡ್ಕೊಂಡು ಸುಮ್ನೆ ಕೂತಿರ್ತಾಳೆ. ನಾನು ಪರದೆ ಹಿಂದೆ ನಿಂತು ನೋಡ್ತಿರ್ತೀನಿ. ಒಳಗೆ ಬಂದು ನಗ್ತಾ ಕಥೆ ಹೇಳ್ತಾಳೆ. ನಾನೂ ನಗ್ತೀನಿ, ಇನ್ನೇನು ಮಾಡ್ಲಿ?"

ಫೋನಿನಲ್ಲಿದ್ದಾಕೆಯ ದನಿ ಇಂಗ್ಲಿಷಿನಲ್ಲಿ ಸ್ವಲ್ಪ ತಡವರಿಸಿತು. ಅತ್ತೆ ಕಿಟಕಿಯಿಂದ ನೋಡುತ್ತಿದ್ದರು ಎಂಬುದು ನನಗೆ ಗೊತ್ತೇ ಇರಲಿಲ್ಲ. ಉಪ್ಪಿಟ್ಟಿನ ಬಾಣಲೆಯ ಮುಂದೆ ನಿಂತು ನಾನು ಅತ್ತುಬಿಟ್ಟೆ. ಈರುಳ್ಳಿ ಹೆಚ್ಚಿ ಬಹಳ ಹೊತ್ತಾಗಿತ್ತು, ಅದರ ಮೇಲೆ ಹೊರಿಸುವ ಹಾಗಿರಲಿಲ್ಲ.

ಬಂದಾಕೆ ಮೆಲ್ಲಗೆ ಅಡುಗೆಮನೆಗೆ ಬಂದರು. ನನ್ನ ಮುಖ ನೋಡಿದರು. ನಾನು ಎಷ್ಟೋ ಮನೆಗಳಲ್ಲಿ ಕೇಳಿದ ಪ್ರಶ್ನೆಯನ್ನು, ನಾನು ಕೇಳುವ ದನಿಯಲ್ಲೇ ಕೇಳಿದರು. "ನೀವು ಹೇಗಿದ್ದೀರಿ? ನಿಜ ಹೇಳಿ."

ಈ ಪ್ರಶ್ನೆಗೆ ಹೇಗೆ ಉತ್ತರಿಸಬೇಕು ಎಂದು ವರ್ಷಗಟ್ಟಲೆ ಜನರಿಗೆ ಹೇಳಿಕೊಟ್ಟವಳು ನಾನು. ಕಣ್ಣು ಒರೆಸಿಕೊಂಡು ಹೇಳಿದೆ. "ನಾನಾ? ನಾನು ಚೆನ್ನಾಗೇ ಇದ್ದೀನಿ. ಕೂತ್ಕೊಳ್ಳಿ, ಕಾಫಿ ಕುಡೀರಿ." ಕೈ ತಾನಾಗಿಯೇ ತಟ್ಟೆಗೆ ಉಪ್ಪಿಟ್ಟು ಹಾಕುತ್ತಿತ್ತು.

ನಮ್ಮ ಇಂಗ್ಲಿಷ್ ತಿಳಿಯದಿದ್ದರೂ ನನ್ನ ದನಿ ತಿಳಿದ ಅತ್ತೆ ಹಾಲ್‌ನಿಂದ ಕೂಗಿದರು. "ಸುಳ್ಳು ಹೇಳ್ತಿದ್ದಾಳೆ. ಬರ್ಕೊಳ್ಳಿ."

ಟೀಪಾಯಿ ಮೇಲಿದ್ದ ಫೋನು ಒಂದು ಪದವೂ ಬಿಡದೆ ಅದನ್ನು ಇಂಗ್ಲಿಷಿನಲ್ಲಿ ಹೇಳಿತು.

ಬರೆದುಕೊಂಡರು. ಹೊರಡುವಾಗ ಹೂದಾನಿಯ ಸ್ಟ್ಯಾಂಡ್ ಬಹಳ ಚೆನ್ನಾಗಿದೆ ಎಂದು ಅತ್ತೆಯನ್ನು ಹೊಗಳಿ, ಅದರ ಬ್ರೇಕ್ ಒಮ್ಮೆ ನೋಡಿಸಿ ಎಂದೂ ಹೇಳಿ ಹೋದರು.

ಸಹಾಯ ಮಂಜೂರಾಯಿತು. ಮನೆಯಲ್ಲಿ ನೋಡಿಕೊಳ್ಳುವವರಿಗೆ ಬಿಡುವು ಬೇಕು ಎಂಬ ಕಾರಣಕ್ಕೆ, ಬೆಳಗಿನ ಹೊತ್ತು ಒಬ್ಬಾಕೆ ಬಂದು ಅತ್ತೆಗೆ ಸ್ನಾನ ಮಾಡಿಸುತ್ತಾರೆ. ಕೊತ್ತಂಬರಿ ಕುಂಡ ಕೆಳಗಿಳಿಯಿತು. "ನನಗೇನೂ ಬೇಕಿರಲಿಲ್ಲ, ನಿನಗೋಸ್ಕರ ಮಾಡಿಸ್ಕೋತಿದೀನಿ" ಎನ್ನುತ್ತಾ ಅತ್ತೆ ಹಾಯಾಗಿ ತಲೆಗೆ ಬಿಸಿನೀರು ಹಾಕಿಸಿಕೊಳ್ಳುತ್ತಾರೆ. ನಾನು ಹೊತ್ತಿಗೆ ಸರಿಯಾಗಿ ಕಚೇರಿ ಸೇರುತ್ತೇನೆ.

ಮೈಸೂರಿಗೆ ಫೋನ್ ಮಾಡಿದಾಗ ಅತ್ತೆ ಎಲ್ಲರಿಗೂ ಹೇಳಿದರಂತೆ, ಸೊಸೆಗೆ ಕೈಲಾಗುತ್ತಿಲ್ಲ ಅಂತ ಸರ್ಕಾರದವರೇ ಜನ ಕಳಿಸುತ್ತಿದ್ದಾರೆ, ತಾವೇ ಹೇಳಿ ಮಾಡಿಸಿದ್ದು ಎಂದು. ಹೋದ ಭಾನುವಾರ ಅವರ ತಂಗಿ, ನಮ್ಮ ಚಿಕ್ಕತ್ತೆ, ವಿಡಿಯೋ ಕಾಲ್ ಮಾಡಿ ನನ್ನನ್ನೇ ಕರೆಸಿದರು. ಹಿಂದೆ ಇನ್ನೂ ಮೂರ್ನಾಲ್ಕು ಮುಖಗಳು ಮರುಕದಿಂದ ಇಣುಕುತ್ತಿದ್ದವು.

"ಈಗ ಹೇಗಿದೀಯಮ್ಮ?" ಎಂದರು ಚಿಕ್ಕತ್ತೆ. "ಇಷ್ಟು ಚಿಕ್ಕ ವಯಸ್ಸಿಗೇ ಸ್ನಾನ ಮಾಡಿಸಕ್ಕೆ ಜನ ಬರ್ತಾರಂತೆ?"

ಪಕ್ಕದಲ್ಲಿ ಅತ್ತೆ ಒದ್ದೆ ಕೂದಲು ಆರಿಸಿಕೊಳ್ಳುತ್ತಾ, ಏನೂ ಗೊತ್ತಿಲ್ಲದವರಂತೆ ಕಿಟಕಿಯ ಕಡೆ ನೋಡುತ್ತಿದ್ದರು.

"ಇಲ್ಲ ಚಿಕ್ಕತ್ತೆ, ನಾನು ಚೆನ್ನಾಗೇ ಇದೀನಿ" ಎಂದೆ.

"ಪಾಪ" ಎಂದರು ಚಿಕ್ಕತ್ತೆ ಹಿಂದಿದ್ದವರಿಗೆ. "ಎಲ್ಲರೂ ಹೀಗೇ ಅಂತಾರೆ."